ಹರ್ಪಿಸ್ ವೈರಸ್ ಮತ್ತು ದೇಹದ ಸಂದೇಶವಾಹಕ ಅಣುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಸಕಲೇಶಪುರ, ಬೇಲೂರು, ಮೂಡಿಗೆರೆ, ಚಿಕ್ಕಮಗಳೂರುಗಳ ಓದುಗರು ಪತ್ರ ಬರೆದು ಕೇಳಿದ ಪ್ರಶ್ನೆಗಳಲ್ಲಿ, ತರಗತಿ ಮುಗಿದ ಮೇಲೆ ವಿದ್ಯಾರ್ಥಿಗಳೂ ಕೆಲವೊಮ್ಮೆ ಅವರ ತಂದೆತಾಯಿಯರೂ ಕೇಳಿದವುಗಳಲ್ಲಿ ಮತ್ತೆ ಮತ್ತೆ ಎದುರಾದವನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ. ನಾನು ಸೂಕ್ಷ್ಮಜೀವಿಶಾಸ್ತ್ರವನ್ನು ಕಲಿಸುವವನು, ವೈದ್ಯನಲ್ಲ. ಆದ್ದರಿಂದ ಯಾರಿಗೆ ಯಾವ ಔಷಧ ಎಂಬ ನಿರ್ಧಾರವನ್ನು ನಿಮ್ಮ ವೈದ್ಯರಿಗೇ ಬಿಡಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ.

## ಆರಂಭದ ಪ್ರಶ್ನೆಗಳು

ನಮ್ಮ ಕಡೆ ಸರ್ಪಸುತ್ತು ಅಂತಾರಲ್ಲ, ಅದಕ್ಕೂ ಹರ್ಪಿಸ್ ವೈರಸ್‌ಗೂ ಏನು ಸಂಬಂಧ ಸಾರ್?

ನೇರವಾದ ಸಂಬಂಧವಿದೆ. ಮನುಷ್ಯರಲ್ಲಿ ನೆಲೆಸುವ ಹರ್ಪಿಸ್ ವೈರಸ್‌ಗಳು ಒಂಬತ್ತು ಬಗೆಯವು. ಅವುಗಳಲ್ಲಿ ವಾರಿಸೆಲ್ಲಾ-ಜೋಸ್ಟರ್ ಎಂಬುದು ಚಿಕ್ಕಂದಿನಲ್ಲಿ ಸೀತಾಳೆ ಸಿಡುಬಾಗಿ, ಅಂದರೆ ನಮ್ಮ ಮನೆಗಳಲ್ಲಿ ‘ಅಮ್ಮ ಆಗಿದೆ’ ಎನ್ನುವ ಕಾಯಿಲೆಯಾಗಿ ಬಂದು, ವಾಸಿಯಾದ ಮೇಲೂ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಸದ್ದಿಲ್ಲದೆ ಉಳಿದುಕೊಳ್ಳುತ್ತದೆ. ಹತ್ತಾರು ವರ್ಷಗಳ ನಂತರ ಅದೇ ವೈರಸ್ ಒಂದು ನರದ ಹಾದಿ ಹಿಡಿದು ಚರ್ಮಕ್ಕೆ ಇಳಿದಾಗ ಸರ್ಪಸುತ್ತು ಏಳುತ್ತದೆ. ತುಟಿಯ ಅಂಚಿನ ನೀರುಗುಳ್ಳೆಗೆ ಕಾರಣವಾದ ಹರ್ಪಿಸ್ ಸಿಂಪ್ಲೆಕ್ಸ್ 1, ಹೆಚ್ಚಾಗಿ ಜನನಾಂಗದ ಹುಣ್ಣಿಗೆ ಕಾರಣವಾಗುವ ಹರ್ಪಿಸ್ ಸಿಂಪ್ಲೆಕ್ಸ್ 2, ಎಪ್‌ಸ್ಟೀನ್-ಬಾರ್, ಸೈಟೊಮೆಗಾಲೋವೈರಸ್ ಇವೆಲ್ಲ ಇದೇ ಬಳಗಕ್ಕೆ ಸೇರಿದವು.

ಗುಳ್ಳೆಗಳ ಎರಡು ತುದಿಗಳು ಕೂಡಿಕೊಂಡರೆ ಜೀವಕ್ಕೆ ಅಪಾಯ ಎಂಬ ಭಯ ಮಲೆನಾಡಿನಲ್ಲಿ ಇಂದಿಗೂ ಇದೆ. ಒಂದು ನರ ದೇಹದ ಒಂದು ಪಕ್ಕಕ್ಕೆ ಮಾತ್ರ ಹರಡಿರುವುದರಿಂದ ಗುಳ್ಳೆಯ ಪಟ್ಟಿ ಸಾಮಾನ್ಯವಾಗಿ ಮೈಯ ನಡುಗೆರೆಯನ್ನು ದಾಟುವುದೇ ಇಲ್ಲ. ಸುಬ್ರಹ್ಮಣ್ಯಕ್ಕೆ ಹರಕೆ ಹೊರುವವರ ನಂಬಿಕೆಯನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಗುಳ್ಳೆ ಕಾಣಿಸಿಕೊಂಡ 72 ಗಂಟೆಗಳೊಳಗೆ ವೈರಸ್ ನಿರೋಧಕ ಮಾತ್ರೆ ಶುರುವಾದರೆ ಪ್ರಯೋಜನ ಹೆಚ್ಚು ಎಂಬುದು ಖಚಿತವಾಗಿ ಗೊತ್ತಿರುವುದರಿಂದ, ಆ ಮೂರು ದಿನಗಳನ್ನು ಕೆಮ್ಮಣ್ಣು ಹಚ್ಚುತ್ತಾ ಕಳೆಯಬೇಡಿ. ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಎದ್ದಿದ್ದರೆ ಅಂದೇ ವೈದ್ಯರನ್ನು ಕಾಣಬೇಕು.

ಸೈಟೊಕೈನ್, ಇಂಟರ್‌ಫೆರಾನ್ ಅನ್ನೋವು ಔಷಧಿ ಹೆಸರೋ, ನಮ್ಮ ಮೈಯಲ್ಲೇ ಇರೋದೋ?

ಮೂಲತಃ ಅವು ನಮ್ಮ ದೇಹದ್ದೇ. ಕೆಲವನ್ನು ಕಾರ್ಖಾನೆಯಲ್ಲಿ ತಯಾರಿಸಿ ಔಷಧವಾಗಿಯೂ ಬಳಸುತ್ತಾರೆ. ಒಂದು ಜೀವಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಹೊರಬಿಡುವ ಸಣ್ಣ ಪ್ರೋಟೀನುಗಳಿಗೆ ಒಟ್ಟಾಗಿ ಸೈಟೊಕೈನ್ ಎಂದು ಹೆಸರು. ಕೋವಿಡ್ ಕಾಲದಲ್ಲಿ ಟಿವಿಯಲ್ಲಿ ಕೇಳಿದ ‘ಸೈಟೊಕೈನ್ ಸ್ಟಾರ್ಮ್’ ಎಂಬ ಮಾತಿನಲ್ಲಿದ್ದದ್ದು ಇವೇ. ಅವುಗಳಲ್ಲಿ ವೈರಸ್‌ಗಳ ವಿರುದ್ಧ ಎಚ್ಚರಿಕೆ ಕೊಡುವ ಗುಂಪು ಇಂಟರ್‌ಫೆರಾನ್.

ಸಕಲೇಶಪುರ, ಆಲೂರು ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಆನೆ ನುಗ್ಗಿದ ತೋಟದವರು ಸುತ್ತಲಿನವರಿಗೆ ಸುದ್ದಿ ಕೊಟ್ಟರೆ ತಮ್ಮ ತೋಟ ಉಳಿಯದಿದ್ದರೂ, ಪಕ್ಕದವರು ಕೂಲಿಯವರನ್ನು ಮನೆಗೆ ಕಳಿಸಿ, ಗೇಟು ಹಾಕಿ, ಎಚ್ಚರವಾಗಿರುತ್ತಾರೆ. ಸುದ್ದಿಯೇ ಆನೆಯನ್ನು ಓಡಿಸುವುದಿಲ್ಲ. ಸುದ್ದಿ ಕೇಳಿದವರ ನಡವಳಿಕೆ ಬದಲಾಗುತ್ತದೆ. ಇಂಟರ್‌ಫೆರಾನ್ ಮಾಡುವುದು ಅಷ್ಟನ್ನೇ, ಮತ್ತು ಅಷ್ಟೇ ಬಹಳ ದೊಡ್ಡದು.

1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನ ಪ್ರಯೋಗಾಲಯದಲ್ಲಿ ಅಲಿಕ್ ಐಸಾಕ್ಸ್ ಮತ್ತು ಜಾನ್ ಲಿಂಡೆನ್‌ಮನ್ ಇದನ್ನು ಗುರುತಿಸಿದರು. ಕಾಯಿಸಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ಸನ್ನು ಕೋಳಿಮೊಟ್ಟೆಯ ಒಳಪೊರೆಯ ತುಣುಕುಗಳಿಗೆ ಸೋಕಿಸಿದಾಗ ದ್ರವದೊಳಕ್ಕೆ ಏನೋ ಒಂದು ಇಳಿಯುತ್ತಿತ್ತು. ಆ ದ್ರವದಲ್ಲಿಟ್ಟ ಹೊಸ ತುಣುಕುಗಳಲ್ಲಿ ಜೀವಂತ ವೈರಸ್ ಕೂಡ ಬೆಳೆಯುತ್ತಿರಲಿಲ್ಲ.

ಒಳಗೆ ವೈರಸ್ ಬಂದಿದೆ ಅಂತ ಆ ಪುಟ್ಟ ಜೀವಕೋಶಕ್ಕೆ ಗೊತ್ತಾಗೋದಾದರೂ ಹೇಗೆ?

ಡಿಎನ್‌ಎ ಇರಬಾರದ ಜಾಗದಲ್ಲಿ ಇರುವುದನ್ನು ಕಂಡು. ನಮ್ಮ ಡಿಎನ್‌ಎ ಕೋಶಕೇಂದ್ರದಲ್ಲಿ ಮತ್ತು ಮೈಟೊಕಾಂಡ್ರಿಯಾದಲ್ಲಿ ಇರುತ್ತದೆ, ಕೋಶರಸದಲ್ಲಿ ಬಿಡಿಯಾಗಿ ತೇಲುವುದಿಲ್ಲ. ಹರ್ಪಿಸ್ ವೈರಸ್ಸಿನದು ಜೋಡಿ ಎಳೆಯ ದೊಡ್ಡ ಡಿಎನ್‌ಎ; ಹರ್ಪಿಸ್ ಸಿಂಪ್ಲೆಕ್ಸ್‌ನದು ಸುಮಾರು 1,52,000 ಅಕ್ಷರಗಳಷ್ಟು ಉದ್ದ. ಅದನ್ನು ಹೊತ್ತ ಕವಚಗಳು ಕೋಶಕೇಂದ್ರದ ರಂಧ್ರದ ಕಡೆಗೆ ಸಾಗುವಾಗ ಕೆಲವು ದಾರಿಯಲ್ಲೇ ಒಡೆದು, ಒಳಗಿದ್ದದ್ದು ಕೋಶರಸಕ್ಕೆ ಚೆಲ್ಲುತ್ತದೆ.

ಅದನ್ನು ಹಿಡಿಯುವ ಕಿಣ್ವದ ಹೆಸರು ಸಿಗ್ಯಾಸ್. ಅಮೆರಿಕದ ಟೆಕ್ಸಾಸ್‌ನಲ್ಲಿ ಜಿಜಿಯಾನ್ ಚೆನ್ ಅವರ ತಂಡ 2013ರಲ್ಲಿ ಇದನ್ನು ಪ್ರಕಟಿಸಿತು. ಸಿಗ್ಯಾಸ್ ಡಿಎನ್‌ಎಗೆ ಅಂಟಿದ ಕೂಡಲೇ ಸಿಗ್ಯಾಂಪ್ ಎಂಬ ಚಿಕ್ಕ ಅಣುವನ್ನು ತಯಾರಿಸುತ್ತದೆ, ಅದು ಸ್ಟಿಂಗ್ ಎಂಬ ಪ್ರೋಟೀನನ್ನು ಎಚ್ಚರಿಸುತ್ತದೆ, ಅಲ್ಲಿಂದ ಹೊರಟ ಸೂಚನೆ ಕೋಶಕೇಂದ್ರವನ್ನು ಮುಟ್ಟಿ ಇಂಟರ್‌ಫೆರಾನ್ ಬೀಟಾದ ಜೀನು ಚಾಲೂ ಆಗುತ್ತದೆ. ನನಗೆ ಬಹಳ ಸೊಗಸಾಗಿ ಕಾಣುವ ಸಂಗತಿಯೆಂದರೆ, ಈ ಸಿಗ್ಯಾಂಪ್ ಜೀವಕೋಶಗಳ ನಡುವಿನ ಸೂಕ್ಷ್ಮ ಸೇತುವೆಗಳ ಮೂಲಕ ನೆರೆಯ ಕೋಶಕ್ಕೂ ದಾಟಬಲ್ಲದು; ಅಂದರೆ ಇಂಟರ್‌ಫೆರಾನ್ ಹೊರಬೀಳುವ ಮೊದಲೇ ಪಕ್ಕದ ಕೋಶಕ್ಕೆ ಸುಳಿವು ಸಿಕ್ಕಿರುತ್ತದೆ. ಕೋಶಕೇಂದ್ರದ ಒಳಗೇ ವೈರಸ್ಸಿನ ಡಿಎನ್‌ಎಯನ್ನು ಗುರುತಿಸುವ ಐಎಫ್‌ಐ16, ಜೋಡಿ ಎಳೆಯ ಆರ್‌ಎನ್‌ಎಯನ್ನು ಗುರುತಿಸುವ ಟಿಎಲ್‌ಆರ್3 ಮುಂತಾದ ಬೇರೆ ಕಾವಲುಗಳೂ ಇವೆ.

ಇಂಟರ್‌ಫೆರಾನ್ ವೈರಸ್ಸನ್ನು ಕೊಲ್ಲುತ್ತೆ ಅಂತ ಪುಸ್ತಕದಲ್ಲಿದೆ. ಸರಿನಾ?

ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ. ಇಂಟರ್‌ಫೆರಾನ್ ವೈರಸ್ಸನ್ನು ಮುಟ್ಟುವುದೇ ಇಲ್ಲ. ಅದು ಜೀವಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ ಕೂರುತ್ತದೆ. ಒಳಗಡೆ ಜಾಕ್1 ಮತ್ತು ಟಿಕ್2 ಎಂಬ ಕಿಣ್ವಗಳು ಚುರುಕಾಗಿ ಸ್ಟ್ಯಾಟ್1, ಸ್ಟ್ಯಾಟ್2 ಎಂಬ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತವೆ. ಅವು ಐಆರ್‌ಎಫ್9 ಜೊತೆ ಸೇರಿ ಕೋಶಕೇಂದ್ರಕ್ಕೆ ಹೋಗಿ ನೂರಾರು ಜೀನುಗಳನ್ನು ಏಕಕಾಲಕ್ಕೆ ಚಾಲೂ ಮಾಡುತ್ತವೆ. ಆ ಜೀನುಗಳಿಂದ ಹುಟ್ಟುವ ಪ್ರೋಟೀನುಗಳು ವೈರಸ್ಸಿಗೆ ಒಂದೊಂದು ಹಂತದಲ್ಲಿ ಅಡ್ಡ ನಿಲ್ಲುತ್ತವೆ. ಪಿಕೆಆರ್ ಎಂಬುದು ಜೋಡಿ ಎಳೆಯ ಆರ್‌ಎನ್‌ಎ ಕಂಡರೆ ಜೀವಕೋಶದ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಆರ್‌ಎನ್‌ಏಸ್ ಎಲ್ ಆರ್‌ಎನ್‌ಎಯನ್ನು ಕತ್ತರಿಸುತ್ತದೆ. ಎಮ್‌ಎಕ್ಸ್‌ಬಿ ಹರ್ಪಿಸ್ ವೈರಸ್‌ಗಳನ್ನು ತಡೆಯುತ್ತದೆ ಎಂದು 2018ರಲ್ಲಿ ತಿಳಿದುಬಂತು. ಅದು ವೈರಸ್ಸಿನ ಕವಚವನ್ನೇ ಕಳಚಬಲ್ಲದು ಎಂಬುದನ್ನು ಆಮೇಲಿನ ಅಧ್ಯಯನಗಳು ತೋರಿಸಿದವು.

ಬದಲಾಗುವುದು ಜೀವಕೋಶದ ಸ್ಥಿತಿ. ಕೆಳಗಿನ ಬಹುತೇಕ ಉತ್ತರಗಳು ಇದನ್ನೇ ಆಧರಿಸಿವೆ: ಒಂದೇ ಅಣು ಯಾವ ಕೋಶಕ್ಕೆ, ಯಾವ ಹೊತ್ತಿನಲ್ಲಿ, ಎಷ್ಟು ಪ್ರಮಾಣದಲ್ಲಿ ಮುಟ್ಟಿತು ಎಂಬುದರ ಮೇಲೆ ವೈರಸ್ ಅಡಗುವುದೋ, ಹರಡುವುದೋ, ಎಚ್ಚರಗೊಳ್ಳುವುದೋ ನಿರ್ಧಾರವಾಗುತ್ತದೆ.

ಇಷ್ಟೆಲ್ಲ ಕಾವಲು ಇದ್ದೂ ಒಮ್ಮೆ ಬಂದ ಹರ್ಪಿಸ್ ಯಾಕೆ ಪೂರ್ತಿ ಹೋಗಲ್ಲ?

ಎರಡು ಕಾರಣಗಳಿವೆ. ಮೊದಲನೆಯದು, ಈ ವೈರಸ್‌ಗಳು ಇಂಟರ್‌ಫೆರಾನ್ ವ್ಯವಸ್ಥೆಯ ಎದುರಿಗೇ ವಿಕಾಸಗೊಂಡಿವೆ. ಹರ್ಪಿಸ್ ಸಿಂಪ್ಲೆಕ್ಸ್ ತಯಾರಿಸುವ ಐಸಿಪಿ0 ಎಂಬ ಪ್ರೋಟೀನು ಕೋಶಕೇಂದ್ರದಲ್ಲಿ ವೈರಸ್ಸಿನ ಡಿಎನ್‌ಎಯನ್ನು ಸುತ್ತುವರಿದು ಸುಮ್ಮನಾಗಿಸುವ ಪಿಎಮ್‌ಎಲ್ ಪ್ರೋಟೀನನ್ನು ನಾಶಕ್ಕೆ ಗುರುತು ಮಾಡುತ್ತದೆ. ಐಸಿಪಿ34.5 ಎಂಬ ಇನ್ನೊಂದು, ಪಿಕೆಆರ್ ನಿಲ್ಲಿಸಿದ ಪ್ರೋಟೀನ್ ತಯಾರಿಕೆಯನ್ನು ಮತ್ತೆ ನಡೆಯುವಂತೆ ಮಾಡುತ್ತದೆ. ಐಸಿಪಿ47 ವೈರಸ್ಸಿನ ತುಣುಕುಗಳನ್ನು ಕೋಶದ ಹೊರಮೈಗೆ ಸಾಗಿಸುವ ದಾರಿಯನ್ನು ಮುಚ್ಚಿ, ಸೋಂಕಿತ ಕೋಶಗಳನ್ನು ಗುರುತಿಸುವ ಬಿಳಿರಕ್ತಕಣಗಳಾದ ಟಿ ಕೋಶಗಳ ಕಣ್ಣು ತಪ್ಪಿಸುತ್ತದೆ. ಐಸಿಪಿ0 ತೆಗೆದುಹಾಕಿದ ವೈರಸ್ ಇಂಟರ್‌ಫೆರಾನ್ ಎದುರು ಬಹಳ ದುರ್ಬಲವಾಗುತ್ತದೆ ಎಂಬುದರಿಂದ ಅದರ ಮಹತ್ವ ತಿಳಿಯುತ್ತದೆ.

ಎರಡನೆಯದು ಸುಪ್ತಾವಸ್ಥೆ. ನರಕೋಶದೊಳಗೆ ಸುಮ್ಮನಿರುವ ವೈರಸ್ ಪ್ರೋಟೀನುಗಳನ್ನು ಬಹುತೇಕ ತಯಾರಿಸುವುದೇ ಇಲ್ಲವಾದ್ದರಿಂದ ಗುರುತಿಸಲು ಏನೂ ಉಳಿಯುವುದಿಲ್ಲ. ನರಕೋಶಗಳನ್ನು ಕೊಂದು ಮತ್ತೆ ಬೆಳೆಸಿಕೊಳ್ಳುವ ಅನುಕೂಲವೂ ದೇಹಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನವರ ಪೈಕಿ ಸುಮಾರು ಮೂರರಲ್ಲಿ ಎರಡು ಭಾಗದಷ್ಟು ಜನರಲ್ಲಿ ಹರ್ಪಿಸ್ ಸಿಂಪ್ಲೆಕ್ಸ್ 1 ಇದೆ; ಇವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ.

## ಮನೆ ಮತ್ತು ಆಸ್ಪತ್ರೆಯ ಪ್ರಶ್ನೆಗಳು

ಜ್ವರ ಬಂದಾಗ, ಬಿಸಿಲಲ್ಲಿ ಕೆಲಸ ಮಾಡಿದಾಗಲೇ ತುಟಿ ಮೇಲೆ ಗುಳ್ಳೆ ಏಳೋದು ಯಾಕೆ? ಉಷ್ಣ ಅಂತ ನಮ್ಮಮ್ಮ ಹೇಳ್ತಾರೆ.

ನಿಮ್ಮ ತಾಯಿಯವರು ಗಮನಿಸಿದ್ದು ನಿಜ, ಜ್ವರಕ್ಕೂ ಬಿಸಿಲಿಗೂ ಗುಳ್ಳೆಗೂ ನಂಟಿದೆ. ಅದಕ್ಕೆ ಸಿಗುತ್ತಿರುವ ವಿವರಣೆಯಲ್ಲಿ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸೈಟೊಕೈನ್ ಮುಖ್ಯವಾದದ್ದು. ಜ್ವರ ಬರಿಸುವ ಅಣುಗಳಲ್ಲಿ ಅದೂ ಒಂದು. ಬಿಸಿಲಿನ ನೇರಳಾತೀತ ಕಿರಣ ತಗುಲಿದ ಚರ್ಮದ ಕೋಶಗಳೂ ಅದನ್ನು ಹೊರಬಿಡುತ್ತವೆ. 2020ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡವೊಂದು, ವೈರಸ್ ಸುಪ್ತವಾಗಿರುವ ಇಲಿಯ ನರಕೋಶಗಳಿಗೆ ಈ ಅಣುವನ್ನು ಹಾಕಿದಾಗ ಅವು ಅತಿಯಾಗಿ ಉದ್ರೇಕಗೊಂಡು, ಅದರ ಬೆನ್ನಲ್ಲೇ ವೈರಸ್ಸಿನ ಜೀನುಗಳು ಚಾಲೂ ಆದುದನ್ನು ತೋರಿಸಿತು.

ಇದು ನಿಂತು ಯೋಚಿಸಬೇಕಾದ ಸಂಗತಿ. ನಮ್ಮ ರಕ್ಷಣೆಗೆಂದೇ ಇರುವ ಅಣುವೊಂದನ್ನು ವೈರಸ್ ತನ್ನ ಎಚ್ಚರಕ್ಕೆ ಬಳಸಿಕೊಳ್ಳುತ್ತಿದೆ. ತಾನು ಅಡಗಿರುವ ದೇಹ ತೊಂದರೆಯಲ್ಲಿದೆ ಎಂದಾಗ ಅಲ್ಲಿಂದ ಹೊರಟು ಬೇರೆ ದೇಹ ಸೇರುವುದು ವೈರಸ್ಸಿಗೆ ಲಾಭದಾಯಕ ಎಂದು ವಿಕಾಸದ ದೃಷ್ಟಿಯಿಂದ ಊಹಿಸಬಹುದು. ಹಾಗೆಂದು ಜ್ವರ ಬಂದ ಎಲ್ಲರಿಗೂ ಗುಳ್ಳೆ ಏಳುವುದಿಲ್ಲ. ನರಗಂಟಿನಲ್ಲಿ ಕಾವಲಿರುವ ಟಿ ಕೋಶಗಳು ಹೆಚ್ಚಿನ ಸಲ ಅದನ್ನು ಅಲ್ಲಿಯೇ ಅಡಗಿಸುತ್ತವೆ.

ನಮ್ಮತ್ತೆಗೆ ಕೀಲುವಾತಕ್ಕೆ ಹೊಸ ಮಾತ್ರೆ ಶುರು ಮಾಡಿದ ಮೇಲೆ ಸರ್ಪಸುತ್ತು ಬಂತು. ಮಾತ್ರೆಯಿಂದಲೇ ಬಂತಾ?

ಒಬ್ಬ ವ್ಯಕ್ತಿಯ ವಿಷಯದಲ್ಲಿ ಖಚಿತವಾಗಿ ಹೇಳುವುದು ಕಷ್ಟ, ಆದರೆ ಸಾಧ್ಯತೆ ಇದೆ. ಟೊಫಾಸಿಟಿನಿಬ್, ಬಾರಿಸಿಟಿನಿಬ್, ಉಪಾಡಾಸಿಟಿನಿಬ್ ಮುಂತಾದ ಮಾತ್ರೆಗಳು ಜಾಕ್ ಕಿಣ್ವಗಳನ್ನು ತಡೆಯುತ್ತವೆ. ಕೀಲುಗಳ ಉರಿಯೂತಕ್ಕೆ ಕಾರಣವಾದ ಹಲವು ಸೈಟೊಕೈನ್‌ಗಳು ಸುದ್ದಿ ಮುಟ್ಟಿಸುವುದು ಈ ಕಿಣ್ವಗಳ ಮೂಲಕ. ಇಂಟರ್‌ಫೆರಾನ್ ಆಲ್ಫಾ, ಬೀಟಾ, ಗಾಮಾಗಳೂ ಇವುಗಳನ್ನೇ ಅವಲಂಬಿಸಿವೆ. ನೋವಿನ ಸುದ್ದಿಯನ್ನು ತಡೆದಾಗ ವೈರಸ್ಸಿನ ವಿರುದ್ಧದ ಎಚ್ಚರಿಕೆಯೂ ಕುಗ್ಗುತ್ತದೆ. ಈ ಔಷಧಗಳನ್ನು ತೆಗೆದುಕೊಳ್ಳುವವರಲ್ಲಿ ಸರ್ಪಸುತ್ತು ಹೆಚ್ಚು ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ; ಟೊಫಾಸಿಟಿನಿಬ್ ವಿಷಯದಲ್ಲಿ ಜಪಾನ್ ಮತ್ತು ಕೊರಿಯಾಗಳಲ್ಲಿ ಇನ್ನೂ ಹೆಚ್ಚು. ಮನುಷ್ಯರ ದೇಹದಲ್ಲಿ ಈ ಸಂದೇಶಗಳು ಹರ್ಪಿಸ್ ವೈರಸ್ಸನ್ನು ಹಿಡಿದಿಟ್ಟಿವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಕಡಿಮೆ.

ಯಾರೂ ಈ ಉತ್ತರ ಓದಿ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಕೀಲುಗಳು ಒಮ್ಮೆ ಹಾಳಾದರೆ ಮರಳಿ ಬರುವುದಿಲ್ಲ. ಮಾಡಬೇಕಾದದ್ದು, ಮಾತ್ರೆ ಶುರುವಾಗುವ ಮೊದಲೇ ಸರ್ಪಸುತ್ತಿನ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳುವುದು. ಶಿಂಗ್ರಿಕ್ಸ್ ಎಂಬ ಎರಡು ಡೋಸಿನ ಲಸಿಕೆ ಈಗ ಭಾರತದಲ್ಲೂ ಸಿಗುತ್ತದೆ. ಅದರಲ್ಲಿ ಜೀವಂತ ವೈರಸ್ ಇಲ್ಲ, ವೈರಸ್ಸಿನ ಮೇಲ್ಮೈಯ ಒಂದು ಪ್ರೋಟೀನು ಮಾತ್ರ ಇರುವುದರಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಿಗೂ ಕೊಡಬಹುದು. ಬೆಲೆ ಹೆಚ್ಚು ಎಂಬ ಮಾತು ನಿಜ, ಅದು ನನಗೂ ಚಿಂತೆಯ ವಿಷಯವೇ.

ಬೇರೆ ಕಾಯಿಲೆಗೆ ಐಸಿಯು ಸೇರಿದವರಿಗೆ ಅಲ್ಲೇ ಸಿಎಂವಿ ಬಂತು ಅಂದರು. ಆಸ್ಪತ್ರೆಯಲ್ಲಿ ಅಂಟಿತಾ?

ಬಹುತೇಕ ಸಂದರ್ಭಗಳಲ್ಲಿ ಅಂಟಿದ್ದಲ್ಲ, ಒಳಗೇ ಇದ್ದದ್ದು ಎದ್ದಿದೆ. ಸಿಎಂವಿ ಎಂದರೆ ಸೈಟೊಮೆಗಾಲೋವೈರಸ್. ನಮ್ಮ ದೇಶದ ವಯಸ್ಕರಲ್ಲಿ ಹೆಚ್ಚಿನವರ ಅಸ್ಥಿಮಜ್ಜೆಯ ಮೂಲಕೋಶಗಳಲ್ಲಿ, ರಕ್ತದ ಮೊನೊಸೈಟ್ ಎಂಬ ಬಿಳಿಕೋಶಗಳಲ್ಲಿ ಅದು ಸುಪ್ತವಾಗಿರುತ್ತದೆ. ರಕ್ತಕ್ಕೆ ನಂಜೇರಿದಾಗ ಟಿಎನ್‌ಎಫ್ ಆಲ್ಫಾ ಎಂಬ ಸೈಟೊಕೈನ್ ಹೇರಳವಾಗಿ ಹೊರಬೀಳುತ್ತದೆ. ಅದು ಜೀವಕೋಶದೊಳಗೆ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ಚುರುಕುಗೊಳಿಸುತ್ತದೆ. ಸಿಎಂವಿಯ ಮೊಟ್ಟಮೊದಲ ಜೀನುಗಳನ್ನು ಚಾಲೂ ಮಾಡುವ ಡಿಎನ್‌ಎ ಭಾಗದಲ್ಲಿ ಇದೇ ಪ್ರೋಟೀನು ಬಂದು ಕೂರಲು ತಾಣಗಳಿವೆ. ಮೊದಲೇ ಸಿಎಂವಿ ಇದ್ದು, ತೀವ್ರ ಅಸ್ವಸ್ಥರಾಗಿ ಐಸಿಯು ಸೇರಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರ ರಕ್ತದಲ್ಲಿ ವೈರಸ್ ಮತ್ತೆ ಕಾಣಿಸಿಕೊಂಡದ್ದನ್ನು ಅಧ್ಯಯನಗಳು ದಾಖಲಿಸಿವೆ.

ಈ ಟಿಎನ್‌ಎಫ್ ಇಂಟರ್‌ಫೆರಾನ್ ಗಾಮಾದ ಜೊತೆ ಸೇರಿದರೆ, ಈಗಾಗಲೇ ಹೆಚ್ಚುತ್ತಿರುವ ಸಿಎಂವಿಯನ್ನು ಅಡಗಿಸುತ್ತದೆ. ಮಲಗಿದ್ದ ವೈರಸ್ಸಿಗೆ ಅದು ಎಬ್ಬಿಸುವ ಕರೆ, ಎದ್ದು ಹರಡುತ್ತಿರುವ ವೈರಸ್ಸಿಗೆ ಅದೇ ತಡೆ.

ಎಲ್ಲ ಮಕ್ಕಳಿಗೂ ತುಟಿಗುಳ್ಳೆ ಬಂದು ಹೋಗುತ್ತೆ, ಆದರೆ ಯಾವುದೋ ಒಂದು ಮಗುವಿಗೆ ಅದೇ ವೈರಸ್ಸಿಂದ ಮಿದುಳುಜ್ವರ. ಇದೆಂಥ ಅನ್ಯಾಯ?

ಈ ಪ್ರಶ್ನೆಯನ್ನು ಬರೆದವರ ನೋವು ನನಗೆ ಅರ್ಥವಾಗುತ್ತದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇನೆ. ಹರ್ಪಿಸ್ ಮಿದುಳುಜ್ವರ ಅಪರೂಪ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಎರಡರಿಂದ ನಾಲ್ವರಿಗೆ ಬರುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಸುಮಾರು ಶೇ. 70ರಷ್ಟು ಮಂದಿ ಸಾಯುತ್ತಾರೆ, ಎಸೈಕ್ಲೋವಿರ್ ಎಂಬ ವೈರಸ್ ನಿರೋಧಕ ಔಷಧ ಬೇಗ ಶುರುವಾದರೆ ಆ ಪ್ರಮಾಣ ಮೂರನೆಯ ಒಂದು ಭಾಗಕ್ಕಿಂತ ಕೆಳಗಿಳಿಯುತ್ತದೆ.

ಆ ಒಂದು ಮಗುವಿಗೇ ಏಕೆ ಎಂಬುದಕ್ಕೆ ಪ್ಯಾರಿಸ್ಸಿನಲ್ಲಿ ಜಾನ್-ಲೋರಾನ್ ಕಸನೋವಾ ಮತ್ತು ಸಂಗಡಿಗರು 2006 ಮತ್ತು 2007ರಲ್ಲಿ ಉತ್ತರದ ಒಂದು ಭಾಗವನ್ನು ಕೊಟ್ಟರು. ಇಂಥ ಕೆಲವು ಮಕ್ಕಳಲ್ಲಿ ಟಿಎಲ್‌ಆರ್3 ಎಂಬ ಕಾವಲು ಪ್ರೋಟೀನಿನ ಜೀನಿನಲ್ಲಿ ಅಥವಾ ಅದನ್ನು ಸರಿಯಾದ ಜಾಗಕ್ಕೆ ಮುಟ್ಟಿಸುವ ಅನ್‌ಸಿ93ಬಿ1 ಎಂಬುದರ ಜೀನಿನಲ್ಲಿ ದೋಷವಿತ್ತು. ಅವರ ರಕ್ತದ ಪ್ರತಿಕಾಯಗಳು, ಟಿ ಕೋಶಗಳು ಚೆನ್ನಾಗಿಯೇ ಇದ್ದವು. ಬೇರೆ ಸೋಂಕುಗಳನ್ನು ಅವರು ಸಹಜವಾಗಿಯೇ ಎದುರಿಸಿದ್ದರು. ಅವರ ಮಿದುಳಿನ ಕೋಶಗಳು ಹರ್ಪಿಸ್ ಬಂದಾಗ ಸಾಕಷ್ಟು ಇಂಟರ್‌ಫೆರಾನ್ ತಯಾರಿಸುತ್ತಿರಲಿಲ್ಲ, ಅಷ್ಟೆ. ಪ್ರಯೋಗಾಲಯದಲ್ಲಿ ಆ ಮಕ್ಕಳ ಚರ್ಮದ ಕೋಶಗಳಿಗೆ ಹೊರಗಿನಿಂದ ಇಂಟರ್‌ಫೆರಾನ್ ಕೊಟ್ಟಾಗ ವೈರಸ್ ಹತೋಟಿಗೆ ಬಂತು.

ಅನ್‌ಸಿ93ಬಿ1 ದೋಷ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆಯಾಗುವಂಥದ್ದು; ಮೊದಲು ಗುರುತಿಸಿದ ಮಕ್ಕಳು ರಕ್ತಸಂಬಂಧದ ಮದುವೆಗಳಿಂದ ಹುಟ್ಟಿದವರು. ಸೋದರಮಾವನ ಮಗಳನ್ನೋ ಅಕ್ಕನ ಮಗಳನ್ನೋ ತರುವ ರೂಢಿ ನಮ್ಮಲ್ಲೂ ಇರುವುದರಿಂದ ಇದನ್ನು ಹೇಳದೆ ಬಿಡಲಾರೆ. ಹೆಚ್ಚಿನ ಮಕ್ಕಳಲ್ಲಿ ಯಾವ ಜೀನಿನ ದೋಷವೂ ಸಿಕ್ಕಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು, ಇಲ್ಲವಾದರೆ ತಂದೆತಾಯಿಯರು ಸುಮ್ಮನೆ ತಮ್ಮನ್ನು ತಾವೇ ದೂಷಿಸಿಕೊಳ್ಳುತ್ತಾರೆ.

ಅಮೃತಬಳ್ಳಿ ಕಷಾಯ, ಇಮ್ಯುನಿಟಿ ಪುಡಿ ತಗೊಂಡರೆ ಇಂಟರ್‌ಫೆರಾನ್ ಜಾಸ್ತಿ ಆಗಿ ಹರ್ಪಿಸ್ ಬರದೇ ಇರುತ್ತಾ?

ಹಾಗೆಂದು ಮನುಷ್ಯರಲ್ಲಿ ಸಾಬೀತಾಗಿಲ್ಲ. ರೋಗನಿರೋಧಕ ಶಕ್ತಿಯನ್ನು ಒಟ್ಟಾರೆ ‘ಹೆಚ್ಚಿಸುವುದು’ ಎಂಬ ಕಲ್ಪನೆಯೇ ಈ ವಿಷಯಕ್ಕೆ ಹೊಂದುವುದಿಲ್ಲ, ಏಕೆಂದರೆ ಹೆಚ್ಚಾದದ್ದು ಇಂಟರ್‌ಲ್ಯೂಕಿನ್-1 ಬೀಟಾ ಆಗಿದ್ದರೆ ಗುಳ್ಳೆ ಏಳಲು ಅದೇ ನೆಪವಾಗಬಹುದು. 2021ರಲ್ಲಿ ಮುಂಬಯಿಯ ಯಕೃತ್ ತಜ್ಞರು ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ತಿಂಗಳುಗಟ್ಟಲೆ ಕಷಾಯ ಕುಡಿಯುವವರು ವೈದ್ಯರಿಗೆ ತಿಳಿಸಿರುವುದು ಒಳ್ಳೆಯದು.

ಹಸುಗಳಿಗೂ ಹರ್ಪಿಸ್ ಇದೆಯಂತೆ. ಹಾಲು ಕರೆಯೋರಿಗೆ ಅಂಟುತ್ತಾ?

ಇಲ್ಲ. ದನಗಳಲ್ಲಿ ಐಬಿಆರ್ ಎಂಬ ಉಸಿರಾಟದ ಕಾಯಿಲೆ, ಕಂದು ಹಾಕುವುದು ಮುಂತಾದವಕ್ಕೆ ಕಾರಣವಾಗುವ ಬೊವೈನ್ ಹರ್ಪಿಸ್ ವೈರಸ್ 1 ಮನುಷ್ಯರಿಗೆ ಅಂಟುವುದಿಲ್ಲ. ಅದೂ ಹಸುವಿನ ಮುಖದ ನರಗಂಟಿನಲ್ಲಿ ಅಡಗಿದ್ದು, ದೂರದ ಸಾಗಾಟದ ದಣಿವಿನಿಂದ ಅಥವಾ ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್ ಕೊಟ್ಟಾಗ ಮತ್ತೆ ಏಳುತ್ತದೆ.

## ಇನ್ನಷ್ಟು ಆಳದ ಪ್ರಶ್ನೆಗಳು

ಆಲ್ಫಾ, ಬೀಟಾ, ಗಾಮಾ, ಲ್ಯಾಮ್ಡಾ ಅಂತ ಇಷ್ಟೊಂದು ಇಂಟರ್‌ಫೆರಾನ್ ಯಾಕೆ? ಒಂದು ಸಾಲದಾ?

ಒಂದೊಂದನ್ನು ಹೊರಡಿಸುವವರು ಬೇರೆ, ಕೇಳಿಸಿಕೊಳ್ಳುವವರು ಬೇರೆ. ಆಲ್ಫಾ ಮತ್ತು ಬೀಟಾಗಳನ್ನು ಬಹುತೇಕ ಎಲ್ಲ ಕೋಶಗಳೂ ಕೇಳಿಸಿಕೊಳ್ಳಬಲ್ಲವು. 2003ರಲ್ಲಿ ಗೊತ್ತಾದ ಲ್ಯಾಮ್ಡಾದ ಗ್ರಾಹಕ ಮುಖ್ಯವಾಗಿ ಬಾಯಿ, ಕರುಳು, ಶ್ವಾಸನಾಳಗಳ ಒಳಪದರದ ಕೋಶಗಳಲ್ಲಿದೆ. ಆದ್ದರಿಂದ ಇಡೀ ದೇಹಕ್ಕೆ ಉರಿಯೂತ ಹಬ್ಬಿಸದೆ ಹೊಸ್ತಿಲಲ್ಲೇ ತಡೆಯುವುದು ಅದಕ್ಕೆ ಸಾಧ್ಯ. ಗಾಮಾವನ್ನು ತಯಾರಿಸುವುದು ಎನ್‌ಕೆ ಕೋಶಗಳು (ಸೋಂಕಿತ ಕೋಶಗಳನ್ನು ಕೊಲ್ಲುವ ಇನ್ನೊಂದು ಬಗೆಯ ಬಿಳಿರಕ್ತಕಣಗಳು) ಮತ್ತು ಟಿ ಕೋಶಗಳು. ಎನ್‌ಕೆ ಕೋಶಗಳೇ ಇಲ್ಲದ ಹುಡುಗಿಯೊಬ್ಬಳಿಗೆ ಒಂದರ ಮೇಲೊಂದರಂತೆ ತೀವ್ರ ಹರ್ಪಿಸ್ ಸೋಂಕುಗಳು ಬಂದುದನ್ನು 1989ರಲ್ಲಿ ವೈದ್ಯರು ವರದಿ ಮಾಡಿದ್ದರು.

ಇವು ಜೊತೆಗೂಡಿದಾಗ ಪರಿಣಾಮ ಬರಿಯ ಮೊತ್ತವಾಗಿ ಉಳಿಯುವುದಿಲ್ಲ. 2002ರಲ್ಲಿ ಸೇನ್ಸ್ ಮತ್ತು ಹಾಲ್ಫರ್ಡ್ ಪ್ರಕಟಿಸಿದ ಪ್ರಯೋಗದಲ್ಲಿ ಬೀಟಾ ಒಂದೇ ಅಥವಾ ಗಾಮಾ ಒಂದೇ ಹರ್ಪಿಸ್ ಸಿಂಪ್ಲೆಕ್ಸ್ 1ರ ಬೆಳವಣಿಗೆಯನ್ನು 20 ಪಟ್ಟಿಗಿಂತ ಕಡಿಮೆ ತಗ್ಗಿಸಿದರೆ, ಎರಡೂ ಸೇರಿ ಸುಮಾರು 1,000 ಪಟ್ಟು ತಗ್ಗಿಸಿದವು. ಐಸಿಪಿ0 ಮುಂತಾದ ವೈರಸ್ ಪ್ರೋಟೀನುಗಳು ಒಂದು ದಾರಿಯನ್ನು ಮುರಿಯಬಲ್ಲವು. ಎರಡು ಕಡೆಯಿಂದ ಏಕಕಾಲಕ್ಕೆ ತಡೆ ಬಂದಾಗ ಅವು ಸೋಲುತ್ತವೆ. ದೇಹದಲ್ಲಿ ಸೋಂಕಿತ ಕೋಶ ಬೀಟಾವನ್ನು ಹೊರಬಿಟ್ಟ ಕೆಲವು ದಿನಗಳಿಗೆ ಟಿ ಕೋಶಗಳು ಗಾಮಾದೊಂದಿಗೆ ಬಂದು ಸೇರುವುದು ಇದೇ ಕಾರಣಕ್ಕೆ ಪರಿಣಾಮಕಾರಿ. ನರಗಂಟಿನಲ್ಲಿ ಈ ಟಿ ಕೋಶಗಳ ವರ್ತನೆ ಇನ್ನೂ ಸೂಕ್ಷ್ಮ. ಇಲಿಗಳಲ್ಲಿ ಕಂಡಂತೆ ಅವು ಗಾಮಾವನ್ನು ಹರಿಸುವುದಲ್ಲದೆ, ಗ್ರಾಂಜೈಮ್ ಬಿ ಎಂಬ ಕಿಣ್ವವನ್ನು ಒಳಗೆ ಕಳಿಸಿ ವೈರಸ್ ಬೆಳೆಯಲು ಬೇಕಾದ ಐಸಿಪಿ4 ಪ್ರೋಟೀನನ್ನು ಕತ್ತರಿಸುತ್ತವೆ, ನರಕೋಶವನ್ನು ಮಾತ್ರ ಕೊಲ್ಲುವುದಿಲ್ಲ.

ವೈರಸ್ಸೇ ನಮ್ಮ ಸೈಟೊಕೈನ್ ತಯಾರಿಸುತ್ತೆ ಅಂತ ಓದಿದೆ. ಅದು ಹೇಗೆ ಸಾಧ್ಯ?

ನಮ್ಮ ಜೀನುಗಳನ್ನು ಯಾವುದೋ ಕಾಲದಲ್ಲಿ ತನ್ನ ಡಿಎನ್‌ಎಗೆ ಸೇರಿಸಿಕೊಂಡು ಸಾಧ್ಯವಾಗಿಸಿಕೊಂಡಿದೆ. ಇಂಟರ್‌ಲ್ಯೂಕಿನ್-10 ಎಂಬುದು ಉರಿಯೂತವನ್ನು ತಣಿಸುವ ಸೈಟೊಕೈನ್. 1990ರಲ್ಲಿ ಅದರ ಜೀನನ್ನು ಓದಿದಾಗ, ಎಪ್‌ಸ್ಟೀನ್-ಬಾರ್ ವೈರಸ್ಸಿನ ಬಿಸಿಆರ್‌ಎಫ್1 ಎಂಬ ಜೀನು ಅದನ್ನು ಬಹುಮಟ್ಟಿಗೆ ಹೋಲುವುದು ಕಂಡುಬಂತು. ಸಿಎಂವಿಯಲ್ಲೂ ಇಂಥದೊಂದಿದೆ, ನಮ್ಮದರ ಜೊತೆ ಅದರ ಸಾಮ್ಯ ಕೇವಲ ಶೇ. 27ರಷ್ಟಾದರೂ ನಮ್ಮ ಇಂಟರ್‌ಲ್ಯೂಕಿನ್-10 ಗ್ರಾಹಕಕ್ಕೆ ಗಟ್ಟಿಯಾಗಿಯೇ ಕೂರುತ್ತದೆ. ಅಕ್ಷರಗಳು ಸವೆದು ಬದಲಾಗಿವೆ, ಕೆಲಸ ಮಾತ್ರ ಉಳಿದಿದೆ.

1994ರಲ್ಲಿ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ಗುರುತಿಸಿದ ಕಪೋಸಿ ಸಾರ್ಕೋಮಾ ಎಂಬ ಕ್ಯಾನ್ಸರಿನ ಹರ್ಪಿಸ್ ವೈರಸ್ ತನ್ನದೇ ಇಂಟರ್‌ಲ್ಯೂಕಿನ್-6 ತಯಾರಿಸುತ್ತದೆ. ನಮ್ಮ ಇಂಟರ್‌ಲ್ಯೂಕಿನ್-6ಕ್ಕೆ ಎರಡು ಗ್ರಾಹಕ ಪ್ರೋಟೀನುಗಳು ಬೇಕಾದರೆ ವೈರಸ್ಸಿನದಕ್ಕೆ ಒಂದೇ ಸಾಕು. ಹಾಗಾಗಿ ನಮ್ಮದಕ್ಕೆ ಸ್ಪಂದಿಸದ ಕೋಶಗಳನ್ನೂ ಅದು ಪ್ರಚೋದಿಸಬಲ್ಲದು.

ಹಾಗಾದರೆ ಹರ್ಪಿಸ್ ಬಂದವರಿಗೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಟ್ಟುಬಿಡಬಹುದಲ್ಲ?

ಕೊಟ್ಟು ನೋಡಿದ್ದಾರೆ. 1978ರಲ್ಲಿ ಕ್ಯಾನ್ಸರ್ ರೋಗಿಗಳ ಸರ್ಪಸುತ್ತಿಗೆ ರಕ್ತದ ಬಿಳಿಕೋಶಗಳಿಂದ ತೆಗೆದ ಇಂಟರ್‌ಫೆರಾನ್ ಕೊಟ್ಟಾಗ ಗುಳ್ಳೆ ಹರಡುವುದು ಕಡಿಮೆಯಾಯಿತು. ಆದರೆ ಇಂಟರ್‌ಫೆರಾನ್ ಚುಚ್ಚಿಸಿಕೊಂಡವರಿಗೆ ಜ್ವರ, ಮೈಕೈ ನೋವು, ಬಿಳಿರಕ್ತಕಣಗಳ ಇಳಿಕೆ, ಕೆಲವರಿಗೆ ಖಿನ್ನತೆ ಬರುತ್ತದೆ. ಅಷ್ಟರಲ್ಲಿ, 1982ರಲ್ಲಿ, ಎಸೈಕ್ಲೋವಿರ್ ಬಳಕೆಗೆ ಬಂತು. ಅದು ವೈರಸ್ಸಿನ ಕಿಣ್ವವಿರುವ ಕೋಶದಲ್ಲಿ ಮಾತ್ರ ಚುರುಕಾಗುವುದರಿಂದ ಉಳಿದ ಕೋಶಗಳಿಗೆ ತೊಂದರೆ ತೀರ ಕಡಿಮೆ. ಅದರ ಹಿಂದಿದ್ದ ಗರ್ಟ್ರೂಡ್ ಎಲಿಯನ್ 1988ರ ನೊಬೆಲ್ ಪ್ರಶಸ್ತಿಯನ್ನು ಇತರ ಇಬ್ಬರೊಂದಿಗೆ ಪಡೆದರು. ದೇಹದಲ್ಲಿ ಇಂಟರ್‌ಫೆರಾನ್ ಸೋಂಕಿನ ಜಾಗದಲ್ಲಿ, ಮೊದಲ ಗಂಟೆಗಳಲ್ಲಿ, ಅಲ್ಪ ಪ್ರಮಾಣದಲ್ಲಿ ಹೊರಡುತ್ತದೆ. ಸೂಜಿಯಲ್ಲಿ ಕೊಟ್ಟದ್ದು ತಡವಾಗಿ, ಮೈಯೆಲ್ಲ ಹರಡಿ ಮುಟ್ಟುತ್ತದೆ.

ಹರ್ಪಿಸ್ ವೈರಸ್ಸನ್ನೇ ಕ್ಯಾನ್ಸರ್ ಔಷಧಿ ಮಾಡಿದ್ದಾರೆ ಅನ್ನೋದು ನಿಜವಾ?

ನಿಜ. ಟಿ-ವೆಕ್ ಎಂದು ಕರೆಯುವ ಔಷಧಕ್ಕೆ ಅಮೆರಿಕದಲ್ಲಿ 2015ರಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ ಅನುಮತಿ ಸಿಕ್ಕಿತು. ಹರ್ಪಿಸ್ ಸಿಂಪ್ಲೆಕ್ಸ್ 1ರಿಂದ ಐಸಿಪಿ34.5 ಮತ್ತು ಐಸಿಪಿ47 ಜೀನುಗಳನ್ನು ತೆಗೆದು, ಜಿಎಂ-ಸಿಎಸ್‌ಎಫ್ ಎಂಬ ಮನುಷ್ಯರ ಸೈಟೊಕೈನಿನ ಜೀನನ್ನು ಸೇರಿಸಲಾಗಿದೆ. ಆರೋಗ್ಯವಂತ ಕೋಶದಲ್ಲಿ ಈ ವೈರಸ್ ಬೆಳೆಯಲಾರದು. ಎಚ್ಚರಿಕೆಯ ವ್ಯವಸ್ಥೆ ಕೆಟ್ಟಿರುವ ಕ್ಯಾನ್ಸರ್ ಕೋಶಗಳಲ್ಲಿ ಬೆಳೆದು ಅವನ್ನು ಒಡೆಯುತ್ತದೆ. ಒಡೆದಾಗ ಹೊರಬೀಳುವ ಜಿಎಂ-ಸಿಎಸ್‌ಎಫ್ ಸುತ್ತಲಿನ ರಕ್ಷಣಾ ಕೋಶಗಳನ್ನು ಅಲ್ಲಿಗೆ ಕರೆಯುತ್ತದೆ. ಮಿದುಳಿನ ಗೆಡ್ಡೆಗೆ ಇಂಥದೇ ಇನ್ನೊಂದು ಮಾರ್ಪಡಿಸಿದ ವೈರಸ್ಸಿಗೆ ಜಪಾನ್ 2021ರಲ್ಲಿ ಅನುಮತಿ ಕೊಟ್ಟಿತು.

ಎಂಎಸ್ಸಿ ಪ್ರಾಜೆಕ್ಟಿಗೆ ಪ್ರಬಂಧಗಳನ್ನು ಓದುತ್ತಿದ್ದೇನೆ. ಒಬ್ಬರು ಇಂಟರ್‌ಫೆರಾನ್ ತಡೆಯುತ್ತೆ ಅಂತಾರೆ, ಇನ್ನೊಬ್ಬರು ಇಲ್ಲ ಅಂತಾರೆ. ಯಾರನ್ನು ನಂಬಲಿ?

ಇಬ್ಬರೂ ಸರಿಯಿರಬಹುದು. ತೀರ್ಮಾನದ ಭಾಗಕ್ಕೆ ಹೋಗುವ ಮೊದಲು ಪ್ರಯೋಗ ವಿಧಾನದ ಭಾಗವನ್ನು ಓದಿ. ಇಂಟರ್‌ಫೆರಾನನ್ನು ವೈರಸ್ ಹಾಕುವ ಮೊದಲು ಕೊಟ್ಟರೇ, ನಂತರವೇ? ನೂರಾರು ಜೀನುಗಳು ಚಾಲೂ ಆಗಲು ಗಂಟೆಗಳು ಬೇಕಾದ್ದರಿಂದ ಮೊದಲು ಕೊಟ್ಟಾಗ ಕಾಣುವ ತಡೆ ನಂತರ ಕೊಟ್ಟಾಗ ಕಾಣದಿರುವುದು ಸಹಜ. ಒಂದು ಕೋಶಕ್ಕೆ ಎಷ್ಟು ವೈರಸ್ ಕಣಗಳಂತೆ ಹಾಕಿದ್ದಾರೆ ಎಂಬುದನ್ನು ನೋಡಿ. ಪ್ರಮಾಣ ಹೆಚ್ಚಾದಷ್ಟೂ ವೈರಸ್ಸಿನ ಪ್ರೋಟೀನುಗಳು ಕಾವಲನ್ನು ಮುಳುಗಿಸುತ್ತವೆ. ಸುಪ್ತ ಸೋಂಕೋ, ಹರಡುತ್ತಿರುವ ಸೋಂಕೋ ಎಂಬುದನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಯಾವ ಕೋಶ ಎಂಬುದು. ಹರ್ಪಿಸ್ ಬೆಳೆಸಲು ಹೆಚ್ಚಾಗಿ ಬಳಸುವ ವೆರೊ ಕೋಶಗಳನ್ನು 1962ರಲ್ಲಿ ಜಪಾನಿನಲ್ಲಿ ಆಫ್ರಿಕದ ಹಸಿರು ಕೋತಿಯ ಮೂತ್ರಪಿಂಡದಿಂದ ತೆಗೆದರು. ಅವುಗಳಲ್ಲಿ ಆಲ್ಫಾ, ಬೀಟಾ ಇಂಟರ್‌ಫೆರಾನ್‌ಗಳ ಜೀನುಗಳೇ ಕಳೆದುಹೋಗಿವೆ. ಹೊರಗಿನಿಂದ ಕೊಟ್ಟ ಇಂಟರ್‌ಫೆರಾನಿಗೆ ಅವು ಸ್ಪಂದಿಸುತ್ತವೆ, ತಾವಾಗಿ ತಯಾರಿಸಲಾರವು. ಮೇಲೆ ಹೇಳಿದ 2002ರ ಪ್ರಯೋಗ ನಡೆದದ್ದು ಇವುಗಳಲ್ಲೇ, ಮತ್ತು ಆ ಪ್ರಶ್ನೆಗೆ ಅದು ಅನುಕೂಲವೇ ಆಗಿತ್ತು, ಏಕೆಂದರೆ ಅಲ್ಲಿದ್ದ ಇಂಟರ್‌ಫೆರಾನೆಲ್ಲ ಸಂಶೋಧಕರು ಅಳೆದು ಹಾಕಿದ್ದಷ್ಟೇ. ಕೋಶವು ವೈರಸ್ಸನ್ನು ತಾನೇ ಹೇಗೆ ಪತ್ತೆಮಾಡಿ ಇಂಟರ್‌ಫೆರಾನ್ ಹೊರಡಿಸುತ್ತದೆ ಎಂಬುದು ನಿಮ್ಮ ಪ್ರಶ್ನೆಯಾಗಿದ್ದರೆ ವೆರೊ ಬೇಡ. ಮನುಷ್ಯರ ಚರ್ಮದ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಬಳಸಿದ ಪ್ರಬಂಧಗಳಿಂದ ಓದು ಶುರುಮಾಡಿ.